ಹಾವು, ಆವು ಮತ್ತು ಮೇಷ್ಟ್ರ ನೋಟ್‌ಬುಕ್ಕು

ಸರ್ಕಾರಿ ಶಾಲೆಯ ಮೇಷ್ಟ್ರಿಗೆ ದಿನಚರಿ ಅಂದರೆ ದಿಂಬಿನ ಕೆಳಗೆ ಬಚ್ಚಿಡುವ ಪುಸ್ತಕವಲ್ಲ. ಅದೊಂದು ದಾಖಲೆ. ಶಾಲೆಗೆ ಭೇಟಿ ಕೊಟ್ಟವರು ಕುರ್ಚಿಯಲ್ಲಿ ಕೂತು ಮೊದಲು ಕೇಳುವ ನಾಲ್ಕೈದು ಪುಸ್ತಕಗಳಲ್ಲಿ ಒಂದು. ನನ್ನ ಹಳೆಯ ದಿನಚರಿಯ ಒಂದು ಸೋಮವಾರ ಹೀಗಿದೆ: "1ನೇ ತರಗತಿ, ಕನ್ನಡ. 'ಹ' ಅಕ್ಷರ ಪರಿಚಯ. ಚಟುವಟಿಕೆ ಪೂರ್ಣಗೊಂಡಿದೆ." ಪಕ್ಕದಲ್ಲಿ ಕೆಂಪು ಶಾಯಿಯ ರುಜು. ಸುಳ್ಳೇನೂ ಬರೆದಿಲ್ಲ.

ಅದೇ ಸೋಮವಾರದ್ದು ಇನ್ನೊಂದು ಬರಹ ಇದೆ. ಇನ್ನೂರು ಪುಟದ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ, ಯಾರಿಗೂ ತೋರಿಸಲಿಕ್ಕಲ್ಲದೆ, 1ನೇ ತರಗತಿಯ ಒಬ್ಬ ಹುಡುಗಿಯ ಬಗ್ಗೆ ಗೀಚಿದ್ದು (ಇದರಲ್ಲಿ ತಟ್ಟೆ ಅಂದರೆ ಮಕ್ಕಳು ಕೂರುವ ಗುಂಪು):

"ಹ ಕಾರ್ಡು. ಹಾವಿನ ಚಿತ್ರ ತೋರಿಸಿದೆ. ಆವು ಸಾ, ಅಂದಳು. ಹಾವು ಅನ್ನು ಅಂದೆ. ಆವು. ಮೂರು ಸಲ. ಅಂಗೈ ಬಾಯಿ ಮುಂದೆ ಹಿಡ್ಕೊಂಡು ಗಾಳಿ ಬಿಡು ಅಂದೆ. ಗಾಳಿ ಬಂತು, ಹ ಬಂತು, ಜೊತೆಗೆ ನಗು ಬಂತು. ಪಕ್ಕದ ತಟ್ಟೆಯ ಹುಡುಗ ನಂಗೂ ಗಾಳಿ ಸಾ ಅಂತ ಎದ್ದು ಬಂದ. ಮಧ್ಯಾಹ್ನ ಹಳೇ ಕಾರ್ಡು ಓದಿಸಿದೆ. ಅರಸ ಅನ್ನೋದನ್ನ ಹರಸ ಅಂದಳು. ಆನೆನ ಹಾನೆ ಅಂದಳು. ತಲೆ ಕೆಟ್ಟೋಯ್ತು. ಸಂಜೆ ಮನೆಗೆ ಹೋದೆ. ಅವ್ವ ಕೇಳಿದಳು, ಆಲು ಕಾಸ್ಲಾ? ಕಾಸು ಅಂದೆ."

ಈ ಎರಡನೆಯ ಬರಹಕ್ಕೆ ಶಿಕ್ಷಣ ಸಂಶೋಧನೆಯಲ್ಲಿ ಏನಾದರೂ ಬೆಲೆ ಇದೆಯೇ ಅನ್ನುವುದು ಇಲ್ಲಿಯ ಪ್ರಶ್ನೆ. ಇದೆ ಅನ್ನುವವರ ಸಂಖ್ಯೆ ಕಳೆದ ಮೂವತ್ತು ನಲವತ್ತು ವರ್ಷದಲ್ಲಿ ಬೆಳೆದಿದೆ. ಮಕ್ಕಳಿಗೆ ಓದು ಬರಹ ಕಲಿಸುವ ಶಿಕ್ಷಕರ ಅನುಭವ ಏನು ಎಂದು ತಿಳಿಯಲು ಅವರು ಶಿಕ್ಷಕರ ಖಾಸಗಿ ಟಿಪ್ಪಣಿ, ಚಿತ್ರ, ಫೋಟೊ, ಕವಿತೆ, ಕೊನೆಗೆ ಕಿಸೆಯಲ್ಲಿರುವ ಸಾಮಾನನ್ನೂ ದತ್ತಾಂಶ ಎಂದೇ ಎಣಿಸುತ್ತಾರೆ. ಕೇಳಿದ ಕೂಡಲೇ 'ಇದೂ ಒಂದು ಸಂಶೋಧನೆಯೇ' ಅನ್ನಿಸುವುದು ಸಹಜ, ನನಗೂ ಅನ್ನಿಸಿತ್ತು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳಬೇಕು.

ದತ್ತಾಂಶ ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಕೋಷ್ಟಕ. ಎಷ್ಟು ಮಕ್ಕಳು ಅಕ್ಷರ ಗುರುತಿಸುತ್ತಾರೆ, ಎಷ್ಟು ಮಂದಿ ಪದ ಓದುತ್ತಾರೆ, ಎಷ್ಟು ಮಂದಿ ವಾಕ್ಯ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ನಿಪುಣ್ ಭಾರತ್ ಯೋಜನೆ 2026-27ರ ಹೊತ್ತಿಗೆ 3ನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥ ತಿಳಿದು ಓದಬೇಕು ಎನ್ನುತ್ತದೆ. ಆಗ ಇಟ್ಟ ಗುರಿ 2ನೇ ತರಗತಿಗೆ ನಿಮಿಷಕ್ಕೆ 45ರಿಂದ 60 ಪದ, 3ನೇ ತರಗತಿಗೆ ಕನಿಷ್ಠ 60. ಈ ಲೆಕ್ಕ ಬೇಡ ಅಂತ ನಾನು ಹೇಳುವುದಿಲ್ಲ. ಯಾವ ಮಗು ಹಿಂದೆ ಬಿತ್ತು ಎಂಬುದು ಲೆಕ್ಕವಿಲ್ಲದೆ ಗೊತ್ತಾಗುವುದಿಲ್ಲ. ಆದರೆ ಇವೆಲ್ಲ ಮಗುವಿನ ಬಾಯಿಂದ ಹೊರಬಿದ್ದದ್ದರ ಅಳತೆ. ಎದುರಿಗೆ ಚಕ್ಕಲಮಕ್ಕಲ ಹಾಕಿ ಕೂತವನ ಪಾಡು ಇದರಲ್ಲಿ ಎಲ್ಲೂ ಇಲ್ಲ.

ಹಾಗಾದರೆ ಶಿಕ್ಷಕರನ್ನೇ ಕೇಳಿದರಾಯಿತಲ್ಲ? ಪ್ರಶ್ನಾವಳಿ ಕೊಡಿ, ಸಂದರ್ಶನ ಮಾಡಿ. ಮಾಡುತ್ತಾರೆ. ನಾವು ಏನು ಉತ್ತರ ಕೊಡುತ್ತೇವೆ ಗೊತ್ತೇ? "ಮಕ್ಕಳು ಸಂತಸದಾಯಕವಾಗಿ ಕಲಿಯುತ್ತಿದ್ದಾರೆ." ಯಾವ ಜಿಲ್ಲೆಗೆ ಹೋಗಿ ಕೇಳಿದರೂ ಈ ವಾಕ್ಯ ಸಿಗುತ್ತದೆ. ತರಬೇತಿಯಲ್ಲಿ ಕೇಳಿ ಕೇಳಿ ನಾಲಗೆಗೆ ಅಂಟಿದ ಮಾತು ಇದು, ಪ್ರಶ್ನೆ ಬಿದ್ದ ಕೂಡಲೇ ತಾನಾಗಿ ಹೊರಬರುತ್ತದೆ. ಕೆನಡಾದ ಜೀನ್ ಕ್ಲಾಂಡಿನಿನ್ ಮತ್ತು ಮೈಕೆಲ್ ಕಾನೆಲಿ ಎಂಬ ಶಿಕ್ಷಣತಜ್ಞರು ಇದಕ್ಕೆ ಒಳ್ಳೆಯ ವಿವರಣೆ ಕೊಟ್ಟಿದ್ದಾರೆ. ಶಿಕ್ಷಕರ ಬಳಿ ಕೋಣೆಯ ಒಳಗಿನ ಗುಟ್ಟಿನ ಕಥೆ ಒಂದು, ಕೋಣೆಯ ಹೊರಗೆ ಹೇಳುವ ಕಥೆ ಇನ್ನೊಂದು ಇರುತ್ತದೆ. ಹೊರಗಿನದು ಮುಸುಕಿನ ಕಥೆ, ತಾನು ಬಲ್ಲವನು ಎಂದು ತೋರಿಸಿಕೊಳ್ಳುವ ಕಥೆ. ಅದನ್ನು ಮೋಸ ಅನ್ನಬೇಕಾಗಿಲ್ಲ. ಸಂಬಳ, ವರ್ಗಾವಣೆ, ಮರ್ಯಾದೆ ಎಲ್ಲ ಹೊರಗಿನವರ ಕೈಲಿರುವಾಗ ಯಾರಾದರೂ ಹಾಗೇ ಮಾಡುತ್ತಾರೆ.

ಸೃಜನಶೀಲ ವಿಧಾನಗಳ ಉಪಯೋಗ ಇರುವುದು ಇಲ್ಲೇ. "ಓದು ಕಲಿಸುವಾಗ ನಿಮಗೆ ಎದುರಾಗುವ ಸವಾಲುಗಳೇನು?" ಎಂದರೆ ಸಿದ್ಧ ಉತ್ತರ ಬರುತ್ತದೆ. "ನಿಮ್ಮ ಓದು ಪಾಠವನ್ನು ಒಂದು ಚಿತ್ರ ಬರೆದು ತೋರಿಸಿ" ಎಂದರೆ ಸಿದ್ಧ ಚಿತ್ರ ಯಾರ ಬಳಿಯೂ ಇರುವುದಿಲ್ಲ. ಪೆನ್ಸಿಲ್ ಹಿಡಿದು ಒಂದು ನಿಮಿಷ ಸುಮ್ಮನೆ ಕೂರಬೇಕಾಗುತ್ತದೆ. ಆ ಒಂದು ನಿಮಿಷದಲ್ಲಿ ಮುಸುಕು ಸ್ವಲ್ಪ ಜಾರುತ್ತದೆ.

ನಮ್ಮೂರ ಕಡೆಯ ನಾಲೆ

ನಮ್ಮ ಕ್ಲಸ್ಟರಿನಲ್ಲಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನಲ್ಲಿ, ಎಂ.ಎಡ್. ಓದುತ್ತಿದ್ದ ಗೆಳೆಯನೊಬ್ಬ ಇದ್ದ. ತಿಂಗಳ ಸಮಾಲೋಚನಾ ಸಭೆ ಮುಗಿದ ಮೇಲೆ ಐದಾರು ಜನರನ್ನು ಹೊಂಗೆ ಮರದ ಕೆಳಗೆ ಕೂರಿಸಿಕೊಂಡು ಇಂಥ ಪ್ರಯೋಗ ಮಾಡಿಸುತ್ತಿದ್ದ. ಅದನ್ನು ಅಧ್ಯಯನ ಎಂದು ಕರೆಯುವಷ್ಟು ದೊಡ್ಡದಾಗಿ ಮಾಡಲಿಲ್ಲ, ಅವನೂ ಕೊನೆಗೆ ಬೇರೆ ವಿಷಯ ಹಿಡಿದ. ಆದರೆ ನನಗೆ ಈ ವಿಧಾನ ಅರ್ಥವಾದದ್ದು ಪುಸ್ತಕದಿಂದಲ್ಲ, ಆ ಮರದ ಕೆಳಗೆ.

ಮೊದಲ ಸಲ ಅವನು ಕೊಟ್ಟದ್ದು 'ಓದಿನ ನದಿ'. ಇಂಗ್ಲೆಂಡಿನ ಶಾಲೆಗಳಲ್ಲಿ ಬಳಕೆಯಲ್ಲಿರುವ ವಿಧಾನ ಇದು. ದೊಡ್ಡ ಹಾಳೆಯ ಮೇಲೆ ಒಂದು ನದಿ ಬರೆಯಬೇಕು. ಹುಟ್ಟಿದ ಕಡೆ ನಿಮ್ಮ ಮೊದಲ ಅಕ್ಷರ. ಅಲ್ಲಿಂದ ಈಚೆಗೆ ನಿಮ್ಮ ಓದಿನ ಬದುಕು ಎಲ್ಲೆಲ್ಲಿ ತಿರುಗಿತು, ಎಲ್ಲಿ ಬಂಡೆ ಸಿಕ್ಕಿತು, ಯಾವ ಹಳ್ಳ ಬಂದು ಸೇರಿತು ಎಂದು ತುಂಬುತ್ತಾ ಬರಬೇಕು. ನಾವೆಲ್ಲ ವಿಧೇಯರಾಗಿ ನದಿ ಬರೆದೆವು. ಹಿರಿಯ ಮೇಷ್ಟ್ರೊಬ್ಬರು ಮಾತ್ರ ಸ್ಕೇಲು ಇಟ್ಟು ಎರಡು ಉದ್ದ ಗೆರೆ ಎಳೆದರು. "ಇದೇನು ಸಾರ್?" ಅಂದರೆ, "ನಾಲೆ ಕಣಪ್ಪಾ" ಅಂದರು.

ಅವರು ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಬಯಲಿನವರು. ಅಲ್ಲಿ ನೀರು ನದಿಯ ಹಾಗೆ ತಾನಾಗಿ ಹರಿಯುವುದಿಲ್ಲ. ಕಟ್ಟು ಪದ್ಧತಿಯಲ್ಲಿ ಇಷ್ಟು ದಿನ ಬಿಡುತ್ತಾರೆ, ಇಷ್ಟು ದಿನ ನಿಲ್ಲಿಸುತ್ತಾರೆ. ತೂಬು ಎತ್ತುವವನು ಬೇರೆ, ಗದ್ದೆ ಕಾಯುವವನು ಬೇರೆ. ಅವರು ತಮ್ಮ ನಾಲೆಗೆ ಸಾಲಾಗಿ ತೂಬು ಬರೆದು ಒಂದೊಂದಕ್ಕೂ ಹೆಸರು ಹಾಕಿದರು. ಚುನಾವಣೆ ಕೆಲಸ. ಜನಗಣತಿ. ತರಬೇತಿ. ಆನ್‌ಲೈನ್ ಎಂಟ್ರಿ. ಶಾಲೆಯ ಕ್ರೀಡಾಕೂಟ. "ಅಕ್ಷರ ಅನ್ನೋದು ಎಳೇ ಪೈರು. ನಾಟಿ ಮಾಡಿ ಹದಿನೈದು ದಿನ ನೀರು ನಿಲ್ಲಿಸಿದ್ರೆ ಏನಾಗ್ತದೆ? ವಾಪಸ್ ಬರೋ ಹೊತ್ಗೆ ಕೊಂಬು ಯಾವುದು, ಗುಡಿಸು ಯಾವುದು ಅಂತ ಮತ್ತೆ ಮೊದಲಿಂದ."

'ಬೋಧನೇತರ ಕೆಲಸದ ಹೊರೆ' ಎಂದು ಎಲ್ಲ ವರದಿಯಲ್ಲೂ ಇದೆ. ಆದರೆ ಹೊರೆ ಎಂಬ ಮಾತು ಹೇಳದೇ ಬಿಟ್ಟದ್ದನ್ನು ಆ ನಾಲೆ ಹೇಳಿತು. ಕೆಲಸ ಹೆಚ್ಚಾಯಿತು ಎಂಬುದು ಅವರ ದೂರಾಗಿರಲಿಲ್ಲ. ಓದು ಕಲಿಕೆಗೆ ಸತತ ನೀರು ಬೇಕು, ಬಿಟ್ಟು ಬಿಟ್ಟು ಕೊಟ್ಟರೆ ಒಟ್ಟು ಅಷ್ಟೇ ದಿನವಾದರೂ ಬೆಳೆ ಬರುವುದಿಲ್ಲ ಎಂಬುದು ದೂರು. ಸಂದರ್ಶನದಲ್ಲಿ ಯಾರೂ ಕೇಳುತ್ತಿರಲಿಲ್ಲವಾದ್ದರಿಂದ ಅವರೂ ಹೇಳುತ್ತಿರಲಿಲ್ಲ. ಹೋಲಿಕೆ ತಾನಾಗಿ ಹುಟ್ಟಿತು, ಹೋಲಿಕೆಯ ಜೊತೆಗೆ ವಿಚಾರವೂ ಹುಟ್ಟಿತು. ರೂಪಕವನ್ನು ದತ್ತಾಂಶ ಎನ್ನುವುದು ಈ ಕಾರಣಕ್ಕೆ.

ಕನ್ನಡದ ಮಟ್ಟಿಗೆ ಈ 'ಸತತ ನೀರು' ಎಂಬುದಕ್ಕೆ ಗಟ್ಟಿ ಆಧಾರವೂ ಇದೆ. ನಮ್ಮ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಅಲ್ಲಿಗೆ ಮುಗಿಯಿತೇ? ಪ್ರತಿ ವ್ಯಂಜನಕ್ಕೂ ಕಾಗುಣಿತದಲ್ಲಿ 15 ರೂಪ, ಅಂದರೆ 510. ಅದರ ಮೇಲೆ ಒತ್ತಕ್ಷರ. 'ಪ' ಬಲ್ಲ ಮಗುವಿಗೆ 'ಷ' ಹೊಸದು, 'ವ' ಬಲ್ಲ ಮಗು 'ಮ'ದ ಮುಂದೆ ತಡೆಯುತ್ತದೆ, 'ನ' ಮತ್ತು 'ಸ' ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ಕನ್ನಡ ಮಕ್ಕಳ ಆರಂಭದ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ: ಇಷ್ಟು ಅಕ್ಷರರೂಪಗಳ ಮೇಲೆ ಹಿಡಿತ ಬರುವುದು ಒಂದೆರಡು ವರ್ಷದ ಕೆಲಸವಲ್ಲ, ಅದು 4ನೇ ತರಗತಿಯ ತನಕವೂ ಎಳೆಯುತ್ತದೆ. ಒಂದನೇ ಕ್ಲಾಸಿನ ಟೀಚರ್ ನಾಟಿ ಮಾಡಿದ್ದರ ಕುಯ್ಲು ಕಾಣುವುದು ಬೇರೆ ಟೀಚರಿಗೆ. ಈ ಕಾಯುವಿಕೆಯ ಅನುಭವ ಯಾವ ತಿಂಗಳ ಪ್ರಗತಿ ಪಟ್ಟಿಯಲ್ಲಿ ಹಿಡಿಸೀತು?

ಬೀಗದ ಕೈ ಗೊಂಚಲು

ಇನ್ನೊಂದು ತಿಂಗಳು ಆ ಗೆಳೆಯ ಹೇಳಿದ್ದು: ನಿಮ್ಮ ಓದು ಪಾಠವನ್ನು ನೆನಪಿಗೆ ತರುವ ಒಂದು ವಸ್ತು ತನ್ನಿ. ಒಬ್ಬರು ಬಳಪ ತಂದರು, ಒಬ್ಬರು ಮಾಸಿದ ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡು) ತಂದರು. ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯ ಮೇಡಂ ಒಬ್ಬರು ಬೀಗದ ಕೈ ಗೊಂಚಲು ತಂದು ಹಾಳೆಯ ಮೇಲೆ ಇಟ್ಟರು. ಬಿಸಿಯೂಟದ ದಾಸ್ತಾನು ಕೋಣೆಯದು, ಬೀರುವಿನದು, ಕಂಪ್ಯೂಟರ್ ಪೆಟ್ಟಿಗೆಯದು. ಪ್ರಭಾರ ಮುಖ್ಯಶಿಕ್ಷಕಿಯೂ ಅವರೇ, ಚಿಕ್ಕ ಮಕ್ಕಳಿಗೆ ಕಾರ್ಡುಗಳಿಂದ ಕಲಿಸುವ ನಲಿ-ಕಲಿ ತರಗತಿಯೂ ಅವರದೇ.

ನಾವು ಮಾತಾಡುವ ಮುಂಚೆಯೇ ಅರ್ಥ ಮಾಡಿಬಿಟ್ಟೆವು. "ಜವಾಬ್ದಾರಿ" ಅಂದ ಒಬ್ಬ. ನಾನು "ಅಡುಗೆಯವರು ಅಕ್ಕಿಗೆ ಬಂದಾಗ ಪಾಠ ನಿಲ್ಲಿಸಿ ಏಳಬೇಕಲ್ಲ, ಅದು" ಅಂದೆ. ಮೇಡಂ ಇಬ್ಬರಿಗೂ ತಲೆ ಆಡಿಸಲಿಲ್ಲ. "ಅದೂ ಇದೆ. ಆದ್ರೆ ನಾನು ತಂದಿದ್ದು ಸದ್ದಿಗೆ" ಅಂದರು. ಗೊಂಚಲು ಎತ್ತಿ ಅಲ್ಲಾಡಿಸಿದರು. "ಈ ಸದ್ದು ಕೇಳಿದ್ರೆ ಮಕ್ಳು ಎಲ್ಲಿದ್ರೂ ಓಡಿ ಬರ್ತಾವೆ. ಮೊಟ್ಟೆ ಕೊಡ್ತಾರೆ, ಆಟದ ಸಾಮಾನು ತೆಗೀತಾರೆ ಅಂತ. ಓದೋ ಕಾರ್ಡಿಗೂ ಇಂಥದ್ದೊಂದು ಸದ್ದಿದ್ದಿದ್ರೆ ಅಂತ ದಿನಾ ಅನ್ಕೊತೀನಿ."

ಇಂಥ ದತ್ತಾಂಶವನ್ನು ಓದುವ ಮೊದಲ ನಿಯಮ ಅವತ್ತು ನಮಗೆ ಗೊತ್ತಾಯಿತು. ವಸ್ತು, ಚಿತ್ರ, ಫೋಟೊ ತಾನಾಗಿ ಏನೂ ಹೇಳುವುದಿಲ್ಲ. ಅದರ ಒಡೆಯರು ಹೇಳಬೇಕು. ಬೀಗದ ಕೈ ಅಂದರೆ ಅಧಿಕಾರ, ಕಿಟಕಿ ಅಂದರೆ ಸ್ವಾತಂತ್ರ್ಯ ಎಂದು ಸಂಶೋಧಕ ತಾನೇ ತೀರ್ಮಾನಿಸಿಬಿಟ್ಟರೆ ಅದು ಕನಸಿನ ಫಲ ಹೇಳುವ ಪಂಚಾಂಗದ ಕೆಲಸವಾಗುತ್ತದೆ. ನುರಿತವರು ಚಿತ್ರಕ್ಕಿಂತ ಹೆಚ್ಚಾಗಿ ಚಿತ್ರ ಇಟ್ಟುಕೊಂಡು ಆದ ಮಾತನ್ನು ದಾಖಲಿಸುತ್ತಾರೆ. ಆಮೇಲೆ ತಮ್ಮ ವ್ಯಾಖ್ಯಾನವನ್ನು ವಾಪಸ್ ತಂದು ತೋರಿಸಿ 'ಇದು ಸರಿಯೇ' ಎಂದು ಕೇಳುತ್ತಾರೆ.

ಫೋಟೊ ಹಿಡಿಸುವ ವಿಧಾನಕ್ಕೂ ಇದೇ ಬುನಾದಿ. 1990ರ ದಶಕದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರಿಸ್ ಎಂಬ ಸಂಶೋಧಕಿಯರು ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಹಳ್ಳಿಯ ಹೆಂಗಸರ ಕೈಗೇ ಕ್ಯಾಮೆರಾ ಕೊಟ್ಟರು. ತೆಗೆದವರೇ ಫೋಟೊ ಆರಿಸಿ, ಅದರ ಕಥೆ ಹೇಳಿ, ಅಧಿಕಾರಿಗಳ ಮುಂದೆ ಇಡಬೇಕು ಎಂಬುದು ಅದರ ತಿರುಳು. ಫೋಟೊವಾಯ್ಸ್ ಎಂಬ ಹೆಸರಿನಲ್ಲಿ ಅದು ಆರೋಗ್ಯದಿಂದ ಶಿಕ್ಷಣಕ್ಕೂ ಬಂತು. ನಮ್ಮ ಗುಂಪಿನಲ್ಲಿ ಒಬ್ಬರು ತೋರಿಸಿದ್ದು ಸೋರುವ ಮಾಡಿನ ಕೆಳಗಿನ ಒದ್ದೆ ನೆಲದ ಫೋಟೊ. ಮಳೆ ಬಂದಾಗಲೆಲ್ಲ ಆ ಜಾಗದ ತಟ್ಟೆ ಎತ್ತಿ ಇನ್ನೊಂದರ ಪಕ್ಕ ತುರುಕಬೇಕು, ಆಗ ಎರಡೂ ತಟ್ಟೆಯ ಮಕ್ಕಳು ಒಬ್ಬರ ಕಾರ್ಡು ಇನ್ನೊಬ್ಬರು ಓದುತ್ತಾರೆ. "ಮಳೆಗಾಲದಲ್ಲೇ ನನ್ನ ಮಕ್ಳು ಜಾಸ್ತಿ ಓದಿರೋದು" ಎಂದು ನಕ್ಕರು. ದುರಸ್ತಿಗೆ ಅರ್ಜಿ ಕೊಟ್ಟದ್ದೂ ಅವರೇ.

ತಟ್ಟೆ ಅಂದರೆ ಏನು ಎಂದು ನಲಿ-ಕಲಿ ತಿಳಿಯದವರಿಗೆ ಹೇಳಬೇಕು. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ಪದ್ಧತಿ ಇದು. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗ ಇದಕ್ಕೆ ಪ್ರೇರಣೆ. ಪಠ್ಯಪುಸ್ತಕದ ಬದಲು ಕಾರ್ಡು, ಪಾಠದ ಬದಲು ಮೈಲಿಗಲ್ಲು, ಗೋಡೆ ಮೇಲೆ ಕಲಿಕಾ ಏಣಿ. ಮಗು ತನ್ನ ಕಾರ್ಡಿನ ಚಿಹ್ನೆ ನೋಡಿಕೊಂಡು ತನ್ನ ತಟ್ಟೆಗೆ, ಅಂದರೆ ಗುಂಪಿಗೆ, ಹೋಗಿ ಕೂರುತ್ತದೆ. ಒಂದು ತಟ್ಟೆಗೆ ಟೀಚರ್ ಪೂರ್ತಿ ಬೇಕು, ಒಂದಕ್ಕೆ ಜೊತೆಯ ಮಗು ಸಾಕು, ಒಂದು ಸ್ವಕಲಿಕೆಯದು. ಅಕ್ಷರಗಳೂ ಅ ಆ ಇ ಈ ಎಂದು ಬರುವುದಿಲ್ಲ. ರ ಗ ಸ ದ ಅ ಎಂದು ಶುರು, ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ದಸರ, ಗರಗಸ ಓದಬಹುದು ಎಂಬ ಜಾಣ ಲೆಕ್ಕ. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಹೆಗ್ಗಡದೇವನಕೋಟೆಯ ದಿನಗಳಲ್ಲಿ ಹಾಡು, ಕಾರ್ಡು ಹೊಸೆಯುವುದರಲ್ಲಿ ಶಿಕ್ಷಕರೇ ಕೂತಿದ್ದರು. ನನ್ನಂಥವರ ಕೈಗೆ ಬರುವ ಹೊತ್ತಿಗೆ ಅದು ಪೆಟ್ಟಿಗೆಯಲ್ಲಿ ಬಂತು.

ಇಷ್ಟು ವಿವರ ಯಾಕೆಂದರೆ, ಪದ್ಧತಿ ಒಂದೇ ಆದರೂ ಅದರೊಳಗೆ ಕೂತ ಶಿಕ್ಷಕ ಒಬ್ಬನೇ ಅಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲೇ ಹೇಳಿದ ಮಾತಿದೆ: ಬೇರೆ ಯಾವ ಕಸುಬಿನವರಿಗೂ ಇಲ್ಲದಷ್ಟು ದೀರ್ಘ ಉಮೇದುವಾರಿ ಶಿಕ್ಷಕರಿಗೆ ತಿಳಿಯದೆಯೇ ಆಗಿಹೋಗಿರುತ್ತದೆ, ಹತ್ತಾರು ವರ್ಷ ವಿದ್ಯಾರ್ಥಿಯಾಗಿ ಕೂತು ಮೇಷ್ಟ್ರನ್ನೇ ನೋಡಿದ್ದೇವಲ್ಲ! ಹದಿನೈದು ದಿನದ ತರಬೇತಿ ಅದನ್ನು ಅಳಿಸುವುದಿಲ್ಲ. ನನ್ನ ಓದಿನ ನದಿಯ ಮೊದಲ ಬಂಡೆ ಶಿಕ್ಷಕರ ತರಬೇತಿಯ ಟಿ.ಸಿ.ಎಚ್. ಕಾಲೇಜಿನ ಮಾದರಿ ಪಾಠ. ತೋರಿಕೆಗೆ ನಿಂತು "ಮಕ್ಕಳೇ, ಇದು ಆಡು, ಇಂದಿನ ಆಡು" ಎಂದು ಹಾಡು ಕಲಿಸಹೋದೆ. ಹಿಂದಿನ ಬೆಂಚಿನಿಂದ ಯಾರೋ ಮೇಕೆ ಕೂಗಿದ ಹಾಗೆ "ಮ್ಯಾ" ಅಂದರು. ಇಡೀ ಕೋಣೆ ನಕ್ಕಿತು. ಆಮೇಲೆ ನಾನು ಹ ಕಲಿಯಲು ಹಟ ಹಿಡಿದು ಬಿದ್ದೆ. ನನ್ನ ಹ ಇಂದಿಗೂ ಆಕಾಶವಾಣಿಯವರ ಹಾಗೆ ಇದೆ, ಮನೆ ಹೊಸ್ತಿಲು ದಾಟುವ ತನಕ.

ಆ ಹುಡುಗಿಯ ಮುಂದೆ ನಾನು ಮೂರು ಸಲ ಹಾವು ಹಾವು ಅಂದದ್ದರ ಹಿಂದೆ ಆ "ಮ್ಯಾ" ಇತ್ತು ಎಂಬುದು ನದಿ ಬರೆಯುವ ತನಕ ನನಗೇ ತಿಳಿದಿರಲಿಲ್ಲ. ವೈಯಕ್ತಿಕ ದತ್ತಾಂಶ ಎಂದರೆ ಇದು. ಸಂಶೋಧಕನಿಗಷ್ಟೇ ಅಲ್ಲ, ಕೊಟ್ಟವನಿಗೂ ಹೊಸದು.

ಅಂದಹಾಗೆ, ಆ ಹುಡುಗಿಯದು ತಪ್ಪು ಎನ್ನುವ ಮುಂಚೆ ಭಾಷೆಯನ್ನೇ ಕೇಳಬೇಕು. ಹಳಗನ್ನಡದಲ್ಲಿ ಪಾವು, ಪಾಲ್. ಮುಂದೆ ಪ ಸವೆದು ಹಾವು, ಹಾಲು. ನಮ್ಮ ಹಳೇ ಮೈಸೂರು ಕಡೆಯ ಬಾಯಲ್ಲಿ ಹ ಕೂಡ ಸವೆದು ಆವು, ಆಲು. ಅವಳು ದಾರಿಯಲ್ಲಿ ನಮಗಿಂತ ಒಂದು ಹೆಜ್ಜೆ ಮುಂದೆ ಇದ್ದಾಳೆ. ಕಾರ್ಡು ಒಂದು ಹೆಜ್ಜೆ ಹಿಂದಿದೆ. ಮನೆಮಾತು ಕನ್ನಡವೇ ಆದ ಮಗುವಿನ ಪಾಡು ಇದು. ತಾಂಡಾದಿಂದ ಬರುವ ಲಂಬಾಣಿ ಮಗುವಿನದು, ಹೆಗ್ಗಡದೇವನಕೋಟೆಯ ಹಾಡಿಯ ಜೇನುಕುರುಬರ ಮಗುವಿನದು ಇನ್ನೂ ದೂರದ ದಾರಿ.

ಟಿಪ್ಪಣಿ ಕವಿತೆಯಾದರೆ

ಈ ವಿಧಾನಗಳಲ್ಲಿ ಜನ ಹುಬ್ಬೇರಿಸುವುದು ಕವಿತೆಗೆ. 1990ರ ದಶಕದ ಆರಂಭದಲ್ಲಿ ಲಾರೆಲ್ ರಿಚರ್ಡ್‌ಸನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ ಮದುವೆಯಾಗದ ತಾಯಿಯೊಬ್ಬಳ ದೀರ್ಘ ಸಂದರ್ಶನವನ್ನು ಕವಿತೆಯ ರೂಪದಲ್ಲಿ ಮುಂದಿಟ್ಟರು. ಮಾತುಗಳು ಆ ಹೆಂಗಸಿನವೇ, ಸಾಲು ಮುರಿದದ್ದು ಮಾತ್ರ ಸಂಶೋಧಕಿ. ಆಮೇಲೆ ಅನೇಕರು ಇದನ್ನು ಹಿಡಿದರು. ಕಟ್ಟಳೆ ಸರಳ: ಇರುವ ಮಾತಿನಿಂದ ತೆಗೆಯಬಹುದು, ಹೊಸದು ಸೇರಿಸುವಂತಿಲ್ಲ. ಮೇಲಿನ ನನ್ನ ಟಿಪ್ಪಣಿಗೆ ಇದನ್ನೇ ಮಾಡಿದಾಗ ಹೀಗೆ ಬಂತು:

ಆವು ಸಾ, ಅಂದಳು.
ಹಾವು ಅನ್ನು ಅಂದೆ.
ಮೂರು ಸಲ.
ಗಾಳಿ ಬಂತು,
ಹ ಬಂತು,
ಜೊತೆಗೆ ನಗು ಬಂತು.
ಸಂಜೆ ಮನೆಗೆ ಹೋದೆ.
ಆಲು ಕಾಸ್ಲಾ?
ಕಾಸು ಅಂದೆ.

ಟಿಪ್ಪಣಿಯಲ್ಲಿ ಹತ್ತು ವಿಷಯದ ನಡುವೆ ಹೂತುಹೋಗಿದ್ದ ಒಂದು ಸಂಗತಿ ಇಲ್ಲಿ ಎದ್ದು ನಿಲ್ಲುತ್ತದೆ. ಬೆಳಿಗ್ಗೆ ಮಗುವಿನ ಬಾಯಲ್ಲಿ ತಿದ್ದಿದ್ದನ್ನು ಸಂಜೆ ಅವ್ವನ ಬಾಯಲ್ಲಿ ತಿದ್ದಲಿಲ್ಲ. ಯಾಕೆ ತಿದ್ದಬೇಕು? ಈ ಪ್ರಶ್ನೆ ಹುಟ್ಟಿದ ಮೇಲೆ ನಾನು ಕರಿಹಲಗೆಯ ಮೇಲೆ ಎರಡು ಮನೆ ಬರೆಯಲು ಶುರು ಮಾಡಿದೆ. ಒಂದರಲ್ಲಿ 'ಮನೇಲಿ ಆವು', ಇನ್ನೊಂದರಲ್ಲಿ 'ಕಾರ್ಡಲ್ಲಿ ಹಾವು'. ಮಕ್ಕಳು ಪದ ತಂದು ತಂದು ತುಂಬಿದರು. ಅಬ್ಬ, ಹಬ್ಬ. ಅಸು, ಹಸು. ಊವು, ಹೂವು. ತಪ್ಪು ಸರಿ ಹೋಗಿ ಎರಡು ವಿಳಾಸ ಆಯಿತು.

ಆದರೆ ಕವಿತೆಯಲ್ಲಿ ಏನು ಬಿದ್ದುಹೋಯಿತು ನೋಡಿ. ಅರಸ ಹರಸ ಆದದ್ದು. ಹಾನೆ. "ತಲೆ ಕೆಟ್ಟೋಯ್ತು." ಗಾಳಿ ಬಿಡಿಸುವ ನನ್ನ ಜಾಣತನ ಮಧ್ಯಾಹ್ನದ ಹೊತ್ತಿಗೆ ಹೊಸ ಗೊಂದಲ ಹುಟ್ಟಿಸಿತ್ತು, ಕವಿತೆಯಲ್ಲಿ ಅದು ಇಲ್ಲ. ಚಂದ ಕಾಣಲಿ ಎಂದು ನಾನೇ ತೆಗೆದೆ. ಅವತ್ತಿನ ದಿನಕ್ಕಿಂತ ಕವಿತೆ ನಯವಾಗಿದೆ. ಸೃಜನಶೀಲ ದತ್ತಾಂಶದ ದೊಡ್ಡ ಅಪಾಯ ಇದೇ ಎಂದು ನನ್ನ ಅನಿಸಿಕೆ: ಮುಸುಕಿನ ಕಥೆಯನ್ನು ತಪ್ಪಿಸಲು ಹೊರಟದ್ದು ತಾನೇ ಇನ್ನೊಂದು ಚಂದದ ಮುಸುಕು ಆಗಬಹುದು. ಅದಕ್ಕೇ ಕವಿತೆಯನ್ನು ಮೂಲ ಟಿಪ್ಪಣಿಯ ಜೊತೆಗಿಟ್ಟೇ ಓದಬೇಕು. ಕವಿತೆ ಮಾತ್ರ ಮುಂದಿಡುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ.

ಐದಾರು ಜನರ ನದಿ, ನಾಲೆ, ಬೀಗದ ಕೈಯಿಂದ ರಾಜ್ಯದ ಶಿಕ್ಷಕರೆಲ್ಲ ಹೀಗೆ ಎನ್ನಲು ಬರುತ್ತದೆಯೇ? ಬರುವುದಿಲ್ಲ. ಅದು ಇದರ ಕೆಲಸವೂ ಅಲ್ಲ. ಎಣಿಸುವವರಿಗೆ ಏನನ್ನು ಎಣಿಸಬೇಕು ಎಂದು ತೋರಿಸುವುದು ಇದರ ಕೆಲಸ. ಒಂದು ಉದಾಹರಣೆ ಕೊಡುತ್ತೇನೆ. ನನ್ನ ನೋಟ್‌ಬುಕ್ಕಿನಲ್ಲಿ ಮತ್ತೆ ಮತ್ತೆ ಬರುವ ದೂರು: "ಹುಡುಗ 'ಹೋಗುತ್ತಿದ್ದಾಗ' ಅನ್ನೋದರಲ್ಲಿ ನಿಂತ." "'ಮರದಡಿಯಲ್ಲಿ' ಓದೋಕೆ ಹೋಗಿ ಉಸಿರು ಕಟ್ಟಿದ." ಇವೆಲ್ಲ ಒಂದೊಂದು ಪದ. ಹಿಂದಿಯಲ್ಲಿ ಮೂರು ನಾಲ್ಕು ಬಿಡಿ ಪದವಾಗಿ ಬಿಡಿಸಿ ಬರೆಯುವುದನ್ನು ಕನ್ನಡ ಒಂದೇ ಉಸಿರಿಗೆ ಹೆಣೆಯುತ್ತದೆ. ಹಾಗಿರುವಾಗ ನಿಮಿಷಕ್ಕೆ 60 ಪದ ಎಂಬ ಒಂದೇ ಗೆರೆ ಎರಡೂ ಭಾಷೆಯ ಮಕ್ಕಳಿಗೆ ಸಮ ಆಗುತ್ತದೆಯೇ? 2022ರಲ್ಲಿ ಎನ್.ಸಿ.ಇ.ಆರ್.ಟಿ. ನಡೆಸಿದ ಬುನಾದಿ ಕಲಿಕೆಯ ಸಮೀಕ್ಷೆ 20 ಭಾಷೆಗಳಲ್ಲಿ ನಡೆದು, ಭಾಷೆಗೊಂದು ಬೇರೆ ಮಾನದಂಡ ಇಟ್ಟಿತು. ಸಮೀಕ್ಷೆಯವರು ಅಂಕಿಅಂಶದ ದಾರಿಯಲ್ಲಿ ಅಲ್ಲಿಗೆ ಬಂದರು. ಒಂದನೇ ಕ್ಲಾಸಿನ ಮೇಷ್ಟ್ರು ಮೇಡಂಗಳು ಅದೇ ಸಂಗತಿಯನ್ನು 'ಉಸಿರು ಕಟ್ಟಿದ' ಎಂದು ಬರೆದಿಟ್ಟಿರುತ್ತಾರೆ.

ಎರಡನ್ನೂ ಜೊತೆಗೆ ಇಡುವ ಪ್ರಯತ್ನ ನಮ್ಮಲ್ಲೇ ನಡೆದಿದೆ. ಕರ್ನಾಟಕದ ಯಾದಗಿರಿ ಮತ್ತು ಮಹಾರಾಷ್ಟ್ರದ ವಾಡಾದಲ್ಲಿ ಮಕ್ಕಳನ್ನು ಮೂರು ವರ್ಷ ಹಿಂಬಾಲಿಸಿ, ಶೈಲಜಾ ಮೆನನ್ ಮತ್ತು ಸಂಗಡಿಗರು 2017ರಲ್ಲಿ ಕನ್ನಡ, ಮರಾಠಿ ಓದು ಬರಹದ ದೊಡ್ಡ ವರದಿ ತಂದರು. ಮಕ್ಕಳ ಪರೀಕ್ಷೆಯ ಅಂಕದ ಜೊತೆಗೆ ತರಗತಿಯಲ್ಲಿ ಕೂತು ಕಂಡದ್ದು, ಶಿಕ್ಷಕರ ನಂಬಿಕೆಗಳು ಕೂಡ ಅದರಲ್ಲಿ ಇವೆ.

ನಮೂನೆ ಬಂದ ಮೇಲೆ

ನೋಟ್‌ಬುಕ್ಕಿನ ಸುದ್ದಿ ಹೇಗೋ ಮೇಲಿನ ಕಚೇರಿಯೊಂದಕ್ಕೆ ಮುಟ್ಟಿತು. ಒಳ್ಳೆಯ ಮನಸ್ಸಿನಿಂದಲೇ ಇರಬೇಕು, "ಬಹಳ ಉಪಯುಕ್ತವಾಗಿದೆ, ಎಲ್ಲ ಶಿಕ್ಷಕರೂ ಬರೆಯಲಿ" ಎಂದು ಸೂಚನೆ ಬಂತು. ಜೊತೆಗೆ ಒಂದು ನಮೂನೆ. ದಿನಾಂಕ, ಅನುಭವ, ಅನಿಸಿಕೆ, ಕೈಗೊಂಡ ಕ್ರಮ, ನಾಲ್ಕು ಕಲಮು. ಪ್ರತಿ ಶನಿವಾರ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಕು. ಎರಡನೆಯ ಶನಿವಾರದ ಹೊತ್ತಿಗೆ ಒಬ್ಬರು ಬರೆದದ್ದನ್ನು ಉಳಿದವರು ಇಳಿಸಿಕೊಳ್ಳತೊಡಗಿದರು. 'ಅನುಭವ' ಕಲಮಿನಲ್ಲಿ ಸಾಲು ಸಾಲಾಗಿ "ಮಕ್ಕಳು ಸಂತಸದಾಯಕವಾಗಿ ಕಲಿತರು." ನಾನೂ ಇಳಿಸಿದೆ. ಯಾಕೆ ಸುಳ್ಳು ಹೇಳಲಿ.

ಕಡ್ಡಾಯ ಮಾಡಿದ ದಿನವೇ ಖಾಸಗಿ ದತ್ತಾಂಶ ಸತ್ತುಹೋಗುತ್ತದೆ. ಹಾಗಾಗಿ ಈ ಕೆಲಸ ಮಾಡುವವರು ಕೆಲವು ಗೆರೆ ಹಾಕಿಕೊಂಡಿರಬೇಕು. ಬರೆಯಲೇಬೇಕು ಎನ್ನುವಂತಿಲ್ಲ, ಕೊಟ್ಟದ್ದನ್ನು ವಾಪಸ್ ಕೇಳಿದರೆ ಕೊಡಬೇಕು, ತಪಾಸಣೆಗೆ ಬಳಸಬಾರದು. ಹೆಸರು ಬದಲಿಸಿದರೆ ಸಾಲದು. ತಾಲ್ಲೂಕಿನಲ್ಲಿ 'ಬೀಗದ ಗೊಂಚಲಿನ ಪ್ರಭಾರ ಮೇಡಂ' ಎಂದರೆ ಅರ್ಧ ಜನಕ್ಕೆ ಯಾರೆಂದು ಗೊತ್ತಾಗುತ್ತದೆ. (ಇಲ್ಲಿ ನಾನು ಬರೆದದ್ದರಲ್ಲಿ ಊರು, ವಸ್ತು, ಮಾತು ಅಲ್ಲಲ್ಲಿ ಬೆರೆಸಿದ್ದೇನೆ, ಅವರ ಒಪ್ಪಿಗೆ ಕೇಳಿಯೇ.) ಮಕ್ಕಳ ವಿಷಯವಂತೂ ಇನ್ನೂ ನಾಜೂಕು. ಮೇಷ್ಟ್ರ ಅನುಭವ ಎಂದು ಬರೆಯುವ ಪ್ರತಿ ಸಾಲಿನಲ್ಲೂ ಯಾವುದೋ ಮನೆಯ ಮಗು ಇರುತ್ತದೆ, ಅದನ್ನು ಯಾರೂ ಕೇಳಿರುವುದಿಲ್ಲ. ನಮ್ಮ ಗುಂಪು ಮುಖ ಕಾಣುವ ಫೋಟೊ ಬೇಡವೆಂದು ಮೊದಲೇ ತೀರ್ಮಾನಿಸಿತ್ತು. ನೆಲ, ಗೋಡೆ, ಕೈ, ಕಾರ್ಡು ಸಾಕು.

ಇನ್ನು ಸಮಯ. ಈಗಾಗಲೇ ಹತ್ತು ಪುಸ್ತಕ ಬರೆಯುವವರಿಗೆ ಹನ್ನೊಂದನೆಯದು ಯಾರು ಹೇಳಿದರೂ ಶಿಕ್ಷೆಯೇ. ನನಗೆ ಸರಿಹೋದದ್ದು ವಾರಕ್ಕೆ ಒಂದು ದಿನ, ಐದು ಸಾಲು, ಅದೂ ಬಸ್ಸಿನಲ್ಲಿ. ಚೆನ್ನಾಗಿ ನಡೆದ ಪಾಠದ ಬಗ್ಗೆ ಬರೆಯುವುದನ್ನು ಬಿಟ್ಟು, ಮಗು ಹೇಳಿದ ಒಂದು ಮಾತನ್ನು ಅದು ಹೇಳಿದ ಹಾಗೆಯೇ ಬರೆಯುವುದು. ಆಮೇಲೆ ಅದಕ್ಕೆ ನಾನೇನಂದೆ. ವ್ಯಾಖ್ಯಾನ ಬೇಡ, ಅದು ತಿಂಗಳ ಮೇಲೆ ಓದುವಾಗ ತಾನಾಗಿ ಬರುತ್ತದೆ.

ಕೊನೆಯ ಹಾಳೆಗಳಲ್ಲಿ ಆ ಹುಡುಗಿಯದು ಇನ್ನೊಂದು ಟಿಪ್ಪಣಿ ಇದೆ, ಹ ಕಾರ್ಡು ಆಗಿ ಮೂರು ವಾರದ ಮೇಲಿನದು. ಬೆಳಿಗ್ಗೆ ಕ್ಷೀರಭಾಗ್ಯದ ಹೊತ್ತು. ಲೋಟ ಹಿಡಿದು ಮಕ್ಕಳು ಸಾಲಾಗಿ ನಿಂತಿದ್ದರು. ಅಡುಗೆಯಮ್ಮನ ಕಡೆ ತಿರುಗಿ ನಾನು ಏನೋ ಅವಸರದಲ್ಲಿ, "ಆಲು ಬಿಸಿ ಐತೆ, ನೋಡ್ಕೊಂಡ್ ಕೊಡಮ್ಮ" ಅಂದೆ. ಸಾಲಿನಲ್ಲಿದ್ದ ಅವಳು ಏನೂ ಮಾತಾಡಲಿಲ್ಲ. ಲೋಟ ಕಂಕುಳಿಗೆ ಸಿಕ್ಕಿಸಿಕೊಂಡು, ಅಂಗೈ ಎತ್ತಿ ತನ್ನ ಬಾಯಿ ಮುಂದೆ ಹಿಡಿದು, ನನ್ನ ಕಡೆ ನೋಡಿದಳು.